ಮುಂದಿಟ್ಟ ಕಾಲು

ನಮ್ಮ ಮನೆಯಲ್ಲಿ ಕಾಲಿಗಿದ್ದಷ್ಟು ಕಾನೂನು ಕೈಗಿರಲಿಲ್ಲ. ಹೊಸಪೇಟೆಯ ಕಾಲುವೆ ಪಕ್ಕದ ಓಣಿಯಲ್ಲಿದ್ದ ಆ ಮನೆಗೆ ಹೊರಗಿನಿಂದ ಬಂದವರು ಯಾರೇ ಆಗಲಿ, ಮೊದಲು ಕಾಲು ತೊಳೆಯಬೇಕು. ಹೊಸ್ತಿಲನ್ನು ತುಳಿಯಬಾರದು, ದಾಟಬೇಕು. ಮೊರ, ಪೊರಕೆ, ಪುಸ್ತಕ, ಜೋಳದ ಚೀಲ, ಯಾವುದಕ್ಕೆ ಕಾಲು ತಗುಲಿದರೂ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಮನುಷ್ಯರಿಗೆ ತಗುಲಿದರಂತೂ ಕೇಳುವುದೇ ಬೇಡ. ಚಿಕ್ಕವರಿದ್ದಾಗ ನಾನೂ ಚಿಕ್ಕಪ್ಪನ ಮಗ ಬಸೂನೂ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು. ನಿದ್ದೆಯಲ್ಲಿ ಅವನಿಗೆ ಕಾಲು ತಾಗಿದರೆ ನಾನು ಕಣ್ಣು ಮುಚ್ಚಿಕೊಂಡೇ ಕೈ ಚಾಚಿ, ಅವನ ಮೈ ಮುಟ್ಟಿ, ನನ್ನ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆನಂತೆ. ಅವ್ವ ಇದನ್ನು ಈಗಲೂ ಹೇಳಿ ನಗುತ್ತಾಳೆ. ಈ ಕಾನೂನುಗಳನ್ನೆಲ್ಲ ಕಾಯುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಅಪ್ಪ ಮತ್ತು ಚಿಕ್ಕಪ್ಪ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದರು. ಅಲ್ಲಿ ಅವರ ದನಿಗೆ ಹತ್ತಾರು ಹಮಾಲರು ಓಡುತ್ತಿದ್ದರು, ಮನೆಗೆ ಬಂದರೆ ಇಬ್ಬರೂ ಕಾಲು ತೊಳೆದದ್ದನ್ನು ಅಜ್ಜಿಗೆ ತೋರಿಸಿಯೇ ಒಳಗೆ ಬರುತ್ತಿದ್ದರು. ಅಜ್ಜಿಯ ಒಂದು ಮೊಣಕಾಲು ಊದಿಕೊಂಡಿತ್ತು. ದಿನಾ ಸಂಜೆ ಅದಕ್ಕೆ ಔಡಲೆಣ್ಣೆ ತಿಕ್ಕುವುದು ನನ್ನ ಪಾಲಿನ ಕೆಲಸ.

ಇಂಥ ಮನೆಯಲ್ಲಿ ಒದೆಯುವ ಹುಡುಗಿಯಾಗಿ ಹುಟ್ಟಿದ್ದು ನಾನು. ಸಿಟ್ಟು ಬಂದರೆ ನನ್ನ ಬಾಯಿಗಿಂತ ಮೊದಲು ಕಾಲು ಮಾತಾಡುತ್ತಿತ್ತು. ಕೊಡ ಒದ್ದಿದ್ದೇನೆ, ಕುರ್ಚಿ ಒದ್ದಿದ್ದೇನೆ, ಒಮ್ಮೆ ಶಾಲೆಯ ಮೇಷ್ಟರ ಸೈಕಲ್ಲನ್ನೂ ಒದ್ದು ಅಪ್ಪನನ್ನು ಶಾಲೆಗೆ ಕರೆಸಿದ್ದೇನೆ. ಎಲ್ಲಕ್ಕಿಂತ ದೊಡ್ಡದು ದೇವರ ಮನೆಯ ಕದದ ಸಂಗತಿ. ಬಸೂನನ್ನು ಕುಸ್ತಿ ಕಲಿಯಲು ಗರಡಿಗೆ ಸೇರಿಸಿದರು. ಅವನಿಗಿಂತ ನಾನು ಎರಡು ತಿಂಗಳಿಗೆ ದೊಡ್ಡವಳು, ಅವನಿಗಿಂತ ಜೋರಾಗಿ ಓಡುತ್ತಿದ್ದೆ, ಮರ ಹತ್ತುತ್ತಿದ್ದೆ. ನನ್ನನ್ನೂ ಸೇರಿಸಿ ಎಂದರೆ ಎಲ್ಲರೂ ನಕ್ಕರು. ನಗು ಮುಗಿಯುವ ಮೊದಲೇ ನಾನು ಎದುರಿಗಿದ್ದ ಕದಕ್ಕೆ ಒದ್ದೆ. ಅದು ದೇವರ ಮನೆಯ ಕದ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಕೆಳಗಿನ ಹಲಗೆ ಬೆರಳು ತೂರುವಷ್ಟು ಸೀಳಿತು. ಅಜ್ಜಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಬಡಿಗೇರನನ್ನು ಕರೆಸುತ್ತೇನೆ ಎಂದು ಅಪ್ಪ ಹೇಳಿದಾಗ ಮಾತ್ರ ಬಾಯಿ ಬಿಟ್ಟಳು.

"ಯಾರ್ನೂ ಕರಸಬ್ಯಾಡ. ಇರ್ಲಿ ಹಂಗ. ದಿನಾ ನೋಡ್ಲಿ ಅಕಿ."

ನಾನು ದಿನಾ ನೋಡಿದೆ. ಸಿಟ್ಟೇನೂ ಕಡಿಮೆಯಾಗಲಿಲ್ಲ.

ನನಗೆ ಹನ್ನೆರಡು ತುಂಬಿದ ವರ್ಷ ಮಹಡಿಯ ಮೇಲಿನ ಎರಡು ಕೋಣೆಗೆ ಯೂನ್ ಬಂದರು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಯಂತ್ರ ಕೂಡಿಸಲು ಕೊರಿಯಾ ದೇಶದಿಂದ ಬಂದ ಕೆಲವರಲ್ಲಿ ಅವರೂ ಒಬ್ಬರು. ಉಳಿದವರೆಲ್ಲ ಕಂಪನಿಯ ಕ್ವಾರ್ಟರ್ಸಿನಲ್ಲಿದ್ದರು, ಇವರಿಗೆ ಮಾತ್ರ ಊರೊಳಗೆ, ಮನೆ ಅನ್ನುವಂಥ ಮನೆಯಲ್ಲಿ ಇರಬೇಕೆಂಬ ಆಸೆ. ಮಾಂಸ, ಮೀನು, ಮೊಟ್ಟೆ ಮೆಟ್ಟಿಲು ಹತ್ತಬಾರದು ಎಂಬ ಷರತ್ತನ್ನು ಹೇಳಲು ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಆ ಮನುಷ್ಯ ಯಾರೂ ಹೇಳುವ ಮೊದಲೇ ಬೂಟು ಬಿಚ್ಚಿ, ಜೋಡಿಸಿ ಗೋಡೆಗೆ ಇಟ್ಟು, ಕಾಲು ತೊಳೆಯುವ ಕಲ್ಲಿನ ಹತ್ತಿರ ಹೋಗಿ ನಿಂತು ನೀರು ಎಲ್ಲಿದೆ ಎಂದು ಕೈಸನ್ನೆ ಮಾಡಿದರು. ಆಮೇಲೆ ಅಜ್ಜಿಯ ಮುಂದೆ ಸೊಂಟದಿಂದ ಬಾಗಿದರು. ಹೇಳಬೇಕೆಂದಿದ್ದ ಷರತ್ತನ್ನು ಅಜ್ಜಿ ಅರ್ಧ ದನಿಯಲ್ಲಿ ಹೇಳಿ ಮುಗಿಸಿದಳು. ಒಂದು ವಾರದಲ್ಲಿ ಅವರು ಅವಳ ಬಾಯಲ್ಲಿ ಯೂನಪ್ಪ ಆದರು. ನಮ್ಮ ಜೋಳದ ರೊಟ್ಟಿ, ಪುಂಡಿಪಲ್ಲೆ ಅವರಿಗೆ ಹಿಡಿಸಿತು. ಕೆಂಪು ಮೆಣಸಿನಕಾಯಿ ಚಟ್ನಿಯನ್ನು ಅವರು ತಿನ್ನುವ ಪರಿ ನೋಡಿ ಅವ್ವನೇ ಬೆವರಿದಳು.

ಒಂದು ಭಾನುವಾರ ಬೆಳಿಗ್ಗೆ ಅವರ ಕೋಣೆಗಳ ಮುಂದಿನ ಬಯಲು ಮಾಳಿಗೆಯಿಂದ "ಇಕ್... ಎಕ್... ಇಕ್... ಎಕ್..." ಎಂಬ ಸದ್ದು ಬಂತು. ಪಾಪ, ಚಟ್ನಿ ಹೆಚ್ಚಾಗಿ ಬಿಕ್ಕಳಿಕೆ ಹತ್ತಿದೆ ಎಂದು ಅಜ್ಜಿ ನನ್ನ ಕೈಯಲ್ಲಿ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ ಕೊಟ್ಟು ಮೇಲೆ ಕಳಿಸಿದಳು. ಹೋಗಿ ನೋಡಿದರೆ ಯೂನ್ ಬಿಳಿ ಪೈಜಾಮ ತೊಟ್ಟು ಮಾಳಿಗೆಯ ಮೇಲೆ ಕುಣಿಯುತ್ತಿದ್ದರು. ಕುಣಿತವೇ ಅಂದುಕೊಂಡೆ. ಮೊಣಕಾಲು ಸಡಿಲವಾಗಿ ಕುಗ್ಗುವುದು, ಮೈ ತೂಗುವುದು, ಹೆಗಲು ಅಲುಗುವುದು, ಪ್ರತಿ ಸಲ ಕುಗ್ಗಿದಾಗಲೂ ಉಸಿರಿನ ಜೊತೆ ಆ "ಇಕ್, ಎಕ್" ಹೊರಡುವುದು. ನೋಡುತ್ತಿದ್ದ ಹಾಗೆ ಒಂದು ಕಾಲು ಯಾವ ಅವಸರವೂ ಇಲ್ಲದೆ ಎದ್ದು ಅವರ ತಲೆಗಿಂತ ಎತ್ತರ ಹೋಗಿ ಮತ್ತೆ ತನ್ನ ಜಾಗಕ್ಕೆ ಬಂತು. ನನ್ನ ಕೈಯಲ್ಲಿದ್ದ ತಂಬಿಗೆ ಓರೆಯಾಗಿ ನೀರೆಲ್ಲ ಚೆಲ್ಲಿತು. ಹುಟ್ಟಿದಾಗಿನಿಂದ ಬೈಸಿಕೊಂಡು ಬಂದಿದ್ದ ನನ್ನ ಕಾಲಿಗೂ ಈ ಲೋಕದಲ್ಲಿ ಒಂದು ವಿದ್ಯೆ ಇದೆ ಎಂದು ತಿಳಿದ ಗಳಿಗೆ ಅದು. ಇದನ್ನು ಕಲಿಯದೆ ನಾನು ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಅದರ ಹೆಸರು ತೆಕ್ಯನ್. ಬಸೂ ಅದನ್ನು ಕರಾಟೆ ಅಂದ, ಅಜ್ಜಿ ಕಾಲಾಟ ಅಂದಳು, ಮನೆಯಲ್ಲಿ ಅಜ್ಜಿಯ ಹೆಸರೇ ನಿಂತಿತು. ಯೂನ್ ಅವರಿಗೆ ಅದನ್ನು ಕಲಿಸಿದ್ದು ಅವರ ತಾತ. ಭತ್ತದ ನಾಟಿ ಮುಗಿದ ಹಬ್ಬದ ದಿನ ಮೇಲಿನೂರಿನವರು ಒಂದು ಕಡೆ, ಕೆಳಗಿನೂರಿನವರು ಒಂದು ಕಡೆ ಸೇರಿ ಆಡುತ್ತಿದ್ದ ಆಟವಂತೆ. ಪರದೇಶದವರ ಆಳ್ವಿಕೆಯಲ್ಲಿ ಅದು ನಿಂತೇ ಹೋಗಿ, ಕಡೆಗೆ ಕೆಲವು ಮುದುಕರ ಮೈಯಲ್ಲಿ ಮಾತ್ರ ಉಳಿದಿತ್ತಂತೆ. ಭಾನುವಾರಗಳಂದು ಬಸೂನೂ ನಾನೂ ಕಲಿಯತೊಡಗಿದೆವು. ಕೆಳಗಿನವರಿಗೆ ಅದು ಕುಣಿತದ ಹಾಗೆ ಕಂಡದ್ದರಿಂದ ಯಾರೂ ಬೇಡ ಎನ್ನಲಿಲ್ಲ. ಮೊದಲು ಮಾಳಿಗೆ ಗುಡಿಸಬೇಕು. ಸಂಡೂರಿನ ಅದಿರಿನ ಲಾರಿಗಳ ಕೆಂಪು ಧೂಳು ದಿನಕ್ಕೊಂದು ಪದರ ಕೂಡುತ್ತಿತ್ತು. ಆಮೇಲೆ ಯೂನ್ ಅಜ್ಜಿಯ ಡಬ್ಬಿಯಿಂದ ಇಸಿದುಕೊಂಡ ರಂಗೋಲಿ ಪುಡಿಯಲ್ಲಿ ಮೂರು ಚುಕ್ಕಿ ಇಡುತ್ತಿದ್ದರು. ಆ ಮೂರರ ಮೇಲೆ ಕಾಲು ಬದಲಿಸುತ್ತಾ ಕುಗ್ಗಿ ಏಳುವುದು, ತಿಂಗಳುಗಟ್ಟಲೆ ಅಷ್ಟೇ. ಹಪ್ಪಳ ಒಣಹಾಕಲು ಬಂದ ಅಜ್ಜಿ ಒಮ್ಮೆ ಚುಕ್ಕಿ ನೋಡಿ ನಿಂತಳು.

"ಇದೇನ್ರಿ ಯೂನಪ್ಪ, ಚುಕ್ಕಿ ಇಟ್ಟು ಗೆರಿನ ಎಳದಿಲ್ಲ?"

"ಅಮ್ಮ, ಗೆರೆಯನ್ನ ಕಾಲು ಎಳೀತದೆ," ಎಂದರು ಯೂನ್, ಕಾರ್ಖಾನೆಯಲ್ಲಿ ಕಲಿತ ತಮ್ಮ ಕನ್ನಡದಲ್ಲಿ. "ಇದು ಆಕಾಶ. ಇದು ಭೂಮಿ. ಇದು ಮನುಷ್ಯ. ಮನುಷ್ಯ ನಡುವೆ ಓಡಾಡಬೇಕು. ನಿಂತರೆ ಬೀಳ್ತಾನೆ."

ಅಜ್ಜಿ ಮೂರು ಚುಕ್ಕಿಗಳನ್ನೂ ಸುತ್ತಿ ಬಳಸಿ ನಡೆದು, ಒಂದನ್ನೂ ತುಳಿಯದೆ, ಹಪ್ಪಳ ಹಾಕಿ ಇಳಿದು ಹೋದಳು.

ಆಟದ ನಿಯಮ ನನಗೆ ತಲೆಕೆಳಗಾಗಿ ಕಂಡಿತು. ಎದುರಾಳಿಯ ಮುಂದೆ ನಿಂತ ಕೂಡಲೇ ನಮ್ಮ ಒಂದು ಕಾಲನ್ನು ಅವನಿಗೆ ಎಟುಕುವಷ್ಟು ಹತ್ತಿರ, ಮುಂದೆ ಇಡಬೇಕು. ದೂರ ನಿಂತು ತಪ್ಪಿಸಿಕೊಳ್ಳುವ ಹಾಗಿಲ್ಲ. ತಗೋ, ಇದು ನಿನಗೆ ಅಂತ ಕೊಡಬೇಕು. ಮನೆಗೆ ಬಂದವರಿಗೆ ತಟ್ಟೆ ಹಾಕಿದ ಹಾಗೆ ಅದೊಂದು ಉಪಚಾರ ಎಂದು ಯೂನ್ ಹೇಳಿದರು. ಒದೆತ ಎಂದರೆ ಬಡಿಯುವುದಲ್ಲ, ಅಂಗಾಲಿನಿಂದ ತಳ್ಳುವುದು. ಕಾಲು ಬಿಟ್ಟು ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಸೋಲು. ಎದುರಿನವನಿಗೆ ಪೆಟ್ಟಾಯಿತೋ, ಒದ್ದವನೇ ಸೋತ ಹಾಗೆ. ನನಗೆ ಇದು ಯಾವುದೂ ಹಿಡಿಸಲಿಲ್ಲ. ಬಸೂನನ್ನು ಚೆನ್ನಾಗಿ ಒದೆಯಲೆಂದೇ ನಾನು ಮೆಟ್ಟಿಲು ಹತ್ತಿದ್ದು. ಉಪಚಾರ ಮಾಡಲು ಕೆಳಗೆ ಅಡುಗೆಮನೆ ಇತ್ತಲ್ಲ! ಆದರೆ ಕಲಿಸುವವರು ಅವರೊಬ್ಬರೇ, ಬೇರೆ ದಾರಿ ಇರಲಿಲ್ಲ.

ಹಾಗೂ ಹೀಗೂ ಆಟಕ್ಕೆ ಬಿಟ್ಟ ದಿನ ನಾನು ಬಸೂನ ಎದೆಗೆ ಕಾಲಿಟ್ಟು ತಳ್ಳಿದೆ. ಅವನು ಹಿಂದಕ್ಕೆ ತೂರಾಡಿದ. ಇನ್ನೊಂದು ತಳ್ಳಿದರೆ ಗೆದ್ದೆ. ಅಷ್ಟರಲ್ಲಿ ನನ್ನ ಸೊಂಟ ತಾನಾಗಿ ಬಗ್ಗಿತು, ಕೈ ತಾನಾಗಿ ಚಾಚಿತು, ಬಸೂನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೋದೆ. ಅವನು ಪಕ್ಕಕ್ಕೆ ಸರಿದ, ನಾನು ಮುಗ್ಗರಿಸಿ ಎರಡೂ ಕೈಯೂರಿ ಬಿದ್ದೆ. ಸೋತೆ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಹನ್ನೆರಡು ವರ್ಷ ಅಜ್ಜಿ ಮೈಯಲ್ಲಿ ಕೂಡಿಸಿದ್ದು ಮೂರು ವಾರದಲ್ಲಿ ಹೋಗುತ್ತದೆಯೇ? ಬಸೂಗೂ ಅದೇ ಕಾನೂನು ಇತ್ತು, ಆದರೆ ಗಂಡುಹುಡುಗ ನೋಡಿ, ಅವನನ್ನು ಯಾರೂ ಅಷ್ಟು ಬಗ್ಗಿಸಿರಲಿಲ್ಲ. ಅವನು ಹೊಟ್ಟೆ ಹಿಡಿದು ನಗುತ್ತಿದ್ದ.

"ಲೇ ನೀಲಾ, ಒದಿಯಾಕ ಬಂದೀಯೋ ನಮಸ್ಕಾರ ಮಾಡಾಕ ಬಂದೀಯೋ?"

ಯೂನ್ ನಗಲಿಲ್ಲ. ಯಾಕೆ ಬಗ್ಗುತ್ತೀ ಎಂದು ಕೇಳಿದರು. ಹೇಳಿದೆ. ಅವರು ತಲೆಯಾಡಿಸಿದರು. "ಇದು ತಪ್ಪಲ್ಲ. ಟೈಮ್ ತಪ್ಪು," ಎಂದರು. ನನಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ನಡೆಯಬಾರದ್ದು ನಡೆಯಿತು. ಬಟ್ಟೆ ಒಣಹಾಕಲು ಬಂದ ಚಿಕ್ಕಮ್ಮ, ಬಸೂನ ಅವ್ವ, ತನ್ನ ಮಗನ ಎದೆಯ ಮೇಲೆ ನನ್ನ ಕಾಲಿರುವುದನ್ನು ಕಂಡಳು. ಒದ್ದೆ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಇಳಿದು ಹೋದಳು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಸಾಲಾಗಿ ಕೂತಾಗ ಬಡಿಸುತ್ತಿದ್ದ ಸೌಟು ಹಿಡಿದೇ ನಿಂತಳು.

"ಅತ್ತೀ, ಕಾಲು ತಗುಲಿದ್ರ ಕಣ್ಣಿಗೆ ಒತ್ತಿಗೋರಿ ಅಂತ ಕಲಿಸಿದೋರು ನೀವು. ಇವತ್ತು ನಿಮ್ಮ ಮೊಮ್ಮಗಳು ನನ್ನ ಮಗನ ಎದಿಮ್ಯಾಲೆ ಕಾಲಿಟ್ಲು. ಅದೂ ಹೆಣ್ಣು ಹುಡುಗಿ. ಇದು ನಮ್ಮ ಮನ್ಯಾಗ ನಡೀತದ ಅಂದ್ರ ನಡೀಲಿ, ನಾ ಏನೂ ಅನ್ನಂಗಿಲ್ಲ."

"ಅದು ಆಟ ಅವ್ವಾ," ಎಂದ ಬಸೂ. ಅವನ ತಟ್ಟೆಗೆ ಸಾರು ಜೋರಾಗಿ ಬಿತ್ತು.

ಅವ್ವ ನನ್ನ ಪರವಾಗಿ ಏನೋ ಹೇಳಲು ಹೋದಳು, ಚಿಕ್ಕಮ್ಮ ತಿರುಗಿ ಅಂದಳು, ಹಳೆಯ ಕಾಲದ ಯಾವುದೋ ಮದುವೆ, ಯಾವುದೋ ಸೀರೆ ಎಲ್ಲ ಹೊರಬಂತು. ಅಪ್ಪ ಗಿರಣಿಯಲ್ಲಿ ಹುಲಿ, ಇಂಥ ಕಡೆ ರೊಟ್ಟಿ ಮುರಿಯುವುದೊಂದೇ ಅವನ ಕೆಲಸ. ಕಡೆಗೆ ಅಜ್ಜಿ ಕೈ ತೊಳೆದು ಎದ್ದಳು.

"ನಾಳಿಂದ ನೀಲಾ ಮ್ಯಾಲೆ ಹತ್ತಂಗಿಲ್ಲ. ಮುಗೀತು."

ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಮುಂದಿನ ಭಾನುವಾರದವರೆಗೂ ನಾನು ಯಾರ ಜೊತೆಯೂ ಮಾತಾಡಲಿಲ್ಲ. ಅಜ್ಜಿಯ ಮೊಣಕಾಲಿಗೆ ಎಣ್ಣೆ ತಿಕ್ಕುವಾಗಲೂ ಮುಖ ಬೇರೆ ಕಡೆ. ಭಾನುವಾರ ಬೆಳಿಗ್ಗೆ ಮಾಳಿಗೆಯಿಂದ ಬಸೂನ "ಇಕ್, ಎಕ್" ಕೇಳಿಬಂತು. ನಾನು ಪಡಸಾಲೆಯಲ್ಲಿ ಹೆಸರುಕಾಳು ಆರಿಸುತ್ತಿದ್ದೆ. ಮೊರವನ್ನು ಪಕ್ಕಕ್ಕೆ ತಳ್ಳಿ ಎದ್ದೆ. ಎದುರಿಗೆ ಅದೇ ಕದ, ಅದೇ ಸೀಳು. ಕಾಲು ಎತ್ತಿದೆ. ಈ ಸಲ ಹಲಗೆ ಪೂರ್ತಿ ಹೋಗಲಿ ಎಂದೇ ಎತ್ತಿದ್ದು, ಸುಳ್ಳು ಹೇಳುವುದಿಲ್ಲ. ಆದರೆ ತಿಂಗಳುಗಟ್ಟಲೆ ಮೂರು ಚುಕ್ಕಿಯ ಮೇಲೆ ಕುಗ್ಗಿದ ಮೊಣಕಾಲು ಕಾಲೇಳುವ ಮೊದಲು ತಾನಾಗಿ ಕುಗ್ಗಿತು. ಮೈ ಕೆಳಗಿಳಿಯಿತು, ಉಸಿರು ಹೊರಗೆ ಹೋಯಿತು. ಅಂಗಾಲು ಕದಕ್ಕೆ ತಾಗಿದಾಗ ಅದು ಬರೀ ತಳ್ಳಿತು. ಕದ ಸದ್ದಿಲ್ಲದೆ ತೆರೆದುಕೊಂಡಿತು.

ಒಳಗೆ ಅಜ್ಜಿ ಇದ್ದಳು. ಅಷ್ಟು ಹೊತ್ತಿಗೆ ದಿನಾ ಅವಳ ಪೂಜೆ ಮುಗಿದಿರುತ್ತಿತ್ತು, ಅಂದು ತಡವಾಗಿತ್ತು. ಮೂರು ಜನ ಕೂತರೆ ತುಂಬಿಹೋಗುವ ಕೋಣೆ. ಅಜ್ಜಿ ಕದದಿಂದ ಗೇಣಿನಷ್ಟು ದೂರದಲ್ಲಿ ಕೂತು, ಎಡಗೈಯ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೋಡುತ್ತಿದ್ದಳು. ನಾನು ಹಿಂದಿನ ಹಾಗೆ ಒದ್ದಿದ್ದರೆ ಕದ ಅವಳ ಮೊಣಕೈಗೆ ಬಡಿದು ಲಿಂಗ ನೆಲಕ್ಕೆ ಬೀಳುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಅನಾಹುತವಿಲ್ಲ. ಕದ ಅವಳ ಸೀರೆಯ ಅಂಚಿಗೆ ಬಂದು ನಿಂತಿತ್ತು. ಅಜ್ಜಿ ತಲೆ ಎತ್ತಿ ಇನ್ನೂ ಗಾಳಿಯಲ್ಲೇ ಇದ್ದ ನನ್ನ ಕಾಲನ್ನು ನೋಡಿದಳು. ನಾನು ಕಾಲಿಳಿಸಿ, ಬಗ್ಗಿ, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅಜ್ಜಿ ಪೂಜೆ ಮುಂದುವರಿಸಿದಳು.

ಪೂಜೆ ಮುಗಿಸಿ ಹೊರಗೆ ಬಂದವಳು ಬಸೂನನ್ನೂ ಯೂನ್ ಅವರನ್ನೂ ಕೆಳಗೆ ಕರೆಸಿದಳು. ಚಿಕ್ಕಮ್ಮನೂ ಅವ್ವನೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಕುಂದ್ರಿ ಯೂನಪ್ಪ. ಒದಿಯೋದು ಇಕಿಗೆ ಯಾರೂ ಕಲಿಸಬೇಕಾಗಿಲ್ಲ, ಆ ಕದ ನೋಡ್ರಿ. ನಾ ಕೇಳೋದು ಬ್ಯಾರೆ. ಸಿಟ್ಟಿಗೆ ಎತ್ತಿದ ಕಾಲು ಇವತ್ತು ಹೆಂಗ ಮೆತ್ತಗಾತು?"

ಯೂನ್ ನನ್ನ ಮುಖ ನೋಡಿದರು, ಕದದ ಸೀಳು ನೋಡಿದರು.

"ಅಮ್ಮ, ಮೊದಲು ಮೊಣಕಾಲು ಕೆಳಗೆ. ಆಮೇಲೆ ಕಾಲು ಮೇಲೆ. ಕೆಳಗೆ ಹೋಗುವಾಗ ಸ್ವಲ್ಪ ಟೈಮ್ ಸಿಗ್ತದೆ."

"ಎಷ್ಟು?"

"ಒಂದು ಉಸಿರು."

"ಸಾಕಲ್ಲ," ಎಂದಳು ಅಜ್ಜಿ. "ಮತ್ತ ಗೆದ್ದವ ಏನ್ ಮಾಡ್ತಾನ?"

"ಬಿದ್ದವನ ಕೈ ಹಿಡಿದು ಎಬ್ಬಿಸ್ತಾನೆ. ಆಮೇಲೆ ಎರಡೂ ಊರು ಸೇರಿ ಊಟ."

ಅಜ್ಜಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಡಸಾಲೆಯ ನಡುವೆ ಬಂದು ನಿಂತು, ನಿರಿಗೆ ತುಸು ಎತ್ತಿ, ಒಂದು ಕಾಲನ್ನು ನನ್ನ ಮುಂದೆ ಇಟ್ಟಳು. ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಾ ಅವಳು ಎಲ್ಲವನ್ನೂ ನೋಡಿಕೊಂಡಿದ್ದಳು.

"ಬಾರಲೇ ನೀಲಾ. ನನಗ ಕಾಲು ಹಾಕು."

"ಅತ್ತೀ, ಏನ್ ಮಾಡಾಕತ್ತೀರಿ!" ಎಂದು ಚಿಕ್ಕಮ್ಮ ಚೀರಿದಳು. "ಬ್ಯಾಡ್ರಿ, ಬಿದ್ದುಗಿದ್ದೀರಿ."

"ನೀ ಸುಮ್ನಿರು."

ಹಿಂದೆ ಸರಿದರೆ ಇದು ಅವಮಾನದ ಆಟ ಎಂದು ನಾನೇ ಒಪ್ಪಿದ ಹಾಗೆ, ಮಾಳಿಗೆಯ ಮೆಟ್ಟಿಲು ನನಗೆ ಅಂದಿಗೆ ಮುಗಿದ ಹಾಗೆ. ಕಾಲು ಹಾಕಿದರೆ ಅಜ್ಜಿಯ ಮೈಗೆ ಕಾಲು ಹಾಕಿದವಳು ಎಂದು ಸಾಯುವ ತನಕ ಓಣಿ ಹೇಳುತ್ತದೆ. ಯೂನ್ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ನಾನೂ ಒಂದು ಕಾಲು ಮುಂದಿಟ್ಟೆ. ಮೊಣಕಾಲು ಕುಗ್ಗಿಸಿದೆ. ಪಾದವನ್ನು ಕೊಕ್ಕೆ ಮಾಡಿ ಅಜ್ಜಿಯ ಹಿಮ್ಮಡಿಯ ಹಿಂದೆ ಇಟ್ಟು, ಮಲಗಿದ ಕೂಸನ್ನು ಸರಿಸುವ ಹಾಗೆ ನನ್ನ ಕಡೆ ಎಳೆದುಕೊಂಡೆ. ಅವಳ ಕಾಲು ನಾಲ್ಕು ಬೆರಳಿನಷ್ಟು ಸರಿಯಿತು, ಮೈ ವಾಲಿತು. ವಾಲುವ ಮೊದಲೇ ನನ್ನ ಎರಡೂ ಕೈ ಅವಳ ತೋಳು ಹಿಡಿದಿದ್ದವು. ಅವಳನ್ನು ನೆಟ್ಟಗೆ ನಿಲ್ಲಿಸಿದ ಮೇಲೆ ಬಗ್ಗಿ, ಆ ಪಾದ ಮುಟ್ಟಿ, ಕಣ್ಣಿಗೆ ಒತ್ತಿಕೊಂಡೆ.

"ಇಷ್ಟೇನ?" ಎಂದಳು ಅಜ್ಜಿ. "ನಿಮ್ಮಜ್ಜ ನಿದ್ದ್ಯಾಗ ಇದಕ್ಕಿಂತ ಜೋರು ಒದೀತಿದ್ದ!"

ಮೊದಲು ನಕ್ಕವಳು ಅವ್ವ, ಆಮೇಲೆ ಬಸೂ, ಬಾಯಿಗೆ ಸೆರಗಿಟ್ಟುಕೊಂಡು ಚಿಕ್ಕಮ್ಮ. ಯೂನ್ ಅವರಿಗೆ ಬಸೂ ಅರ್ಥ ಹೇಳಿದ ಮೇಲೆ ಅವರೂ ನಕ್ಕರು. ಅಜ್ಜಿ ಅವರ ಕಡೆ ತಿರುಗಿದಳು.

"ನಿಮ್ಮ ಆಟದಾಗ ಬಗ್ಗಿದ್ರ ಸೋತಂಗ ಅಂತಲ್ರೀ. ಆಟ ಮುಗದ ಮ್ಯಾಲೆ ಬಗ್ಗಬೌದೋ ಇಲ್ಲೋ?"

"ಬಗ್ಗಬಹುದು ಅಮ್ಮ. ಬಗ್ಗಬೇಕು."

"ಹಂಗಾರ ಕಲಿಸ್ರಿ."

ಯೂನ್ ಎರಡೂವರೆ ವರ್ಷ ಇದ್ದು ಹೊರಟುಹೋದರು. ಉಳಿದದ್ದನ್ನು ನಾನು ಹೇಗೆ, ಎಲ್ಲೆಲ್ಲಿ ಕಲಿತೆ ಎಂಬುದು ಬೇರೆ ಕತೆ. ಈಗ ಕಮಲಾಪುರದಲ್ಲಿ, ಒಂದು ಕಾಲಕ್ಕೆ ಬಾಳೆಗೊನೆ ಕೂಡಿಡುತ್ತಿದ್ದ ಶೆಡ್ಡಿನಲ್ಲಿ, ವಾರಕ್ಕೆ ನಾಲ್ಕು ಸಂಜೆ ಕಲಿಸುತ್ತೇನೆ. ಬರುವವರಲ್ಲಿ ಹುಡುಗಿಯರೇ ಹೆಚ್ಚು. ಆಟ ಮುಗಿದ ಕೂಡಲೇ ಗೆದ್ದವಳು ಸೋತವಳನ್ನು ಎಬ್ಬಿಸಿ, ಕಾಲು ತಾಗಿದ ಜಾಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಬೇರೆ ಊರಿನ ತರಬೇತುದಾರರು ಇದು ನಿಯಮಾವಳಿಯಲ್ಲಿ ಎಲ್ಲಿದೆ ಎಂದು ಕೇಳುತ್ತಾರೆ. ನಮ್ಮ ಅಜ್ಜಿ ಸೇರಿಸಿದ್ದು ಎನ್ನುತ್ತೇನೆ. ಆ ವಿದ್ಯೆಯ ಬೇರು ಯಾವ ತತ್ವದಲ್ಲಿದೆ ಎಂದು ಆಮೇಲೆ ಎಷ್ಟೋ ಜನ ದೊಡ್ಡ ಮಾತುಗಳಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ತಪ್ಪು ಎನ್ನಲಾರೆ. ನನಗೆ ಮಾತ್ರ ಅದು ತಿಳಿದದ್ದು ಆ ಭಾನುವಾರ ಸಂಜೆ, ಔಡಲೆಣ್ಣೆಯ ಬಟ್ಟಲು ಹಿಡಿದು ಅಜ್ಜಿಯ ಕಾಲ ಬಳಿ ಕೂತಾಗ.

ಅವಳು ನಿರಿಗೆ ಮೇಲೆತ್ತಿದಳು. ಎಡ ಮೊಣಕಾಲು ಎಂದಿಗಿಂತ ಹೆಚ್ಚು ಊದಿತ್ತು. ಅದನ್ನು ನೋಡಿದಾಗಲೇ ನನಗೆ ಹೊಳೆದದ್ದು: ಬೆಳಿಗ್ಗೆ ಪಡಸಾಲೆಯಲ್ಲಿ ನನ್ನ ಮುಂದೆ ಇಟ್ಟದ್ದು ಇದೇ ಕಾಲು. ಹೆದರಿಕೆಯಲ್ಲಿ ನಾನು ಯಾವ ಕಾಲೆಂದೇ ನೋಡಿರಲಿಲ್ಲ. ಒಂದಿಷ್ಟು ಜೋರಾಗಿ ಎಳೆದಿದ್ದರೂ ಅವಳು ಮತ್ತೆ ನೆಟ್ಟಗೆ ನಡೆಯುತ್ತಿರಲಿಲ್ಲ. ಒಂದು ವಾರ ಬಾರದಿದ್ದ ಅಳು ಆಗ ಬಂತು.

"ಅಜ್ಜೀ, ಬಲಗಾಲು ಇಡಬೇಕಿಲ್ಲೇನು? ಅದು ಗಟ್ಟಿ ಐತಲ್ಲ."

"ಗಟ್ಟಿ ಕಾಲು ಯಾರರ ಇಡ್ತಾರ," ಎಂದಳು ಅಜ್ಜಿ. "ನೀ ಎಂಥಾಕಿ ಅಂತ ನನಗ ಗೊತ್ತಾಗಬೇಕಿತ್ತು. ಅದಕ್ಕ ನೋಯೋ ಕಾಲ ಇಟ್ಟೆ. ಈಗ ಅಳಬ್ಯಾಡ, ಎಣ್ಣಿ ಆರ್ತದ. ತಿಕ್ಕು."